ಮಗಳ ಹೆಗಲಿಗೆ ಎಷ್ಟು ಭಾರದ ರೈಫಲ್?

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಕಾಗದದ ನಟ್ಟನಡುವೆ ಹತ್ತು ಅಂಕದ ಚುಕ್ಕೆಯೊಂದಿದೆ. ಅದರ ಅಗಲ ಅರ್ಧ ಮಿಲಿಮೀಟರ್. ಅದಕ್ಕೆ ತಾಗಬೇಕಾದ ಸೀಸದ ಗುಂಡಿನ ದಪ್ಪವೋ ನಾಲ್ಕೂವರೆ ಮಿಲಿಮೀಟರ್! 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಂದಿನಿಂದ ಎಷ್ಟೋ ಮನೆಗಳಲ್ಲಿ ಮಕ್ಕಳು ರೈಫಲ್ ಬೇಕೆಂದು ಹಟ ಹಿಡಿದಿದ್ದಾರೆ, ಅಪ್ಪಂದಿರು ಪಾಸ್‌ಬುಕ್ ತೆರೆದು ನೋಡಿದ್ದಾರೆ.

ಬೆಂಗಳೂರಿನ ಗುಮಾಸ್ತರೊಬ್ಬರು ಸಹಕಾರ ಸಂಘಕ್ಕೆ ಸಾಲದ ಅರ್ಜಿಯನ್ನೇ ಹಾಕಿಬಿಟ್ಟರು. ಎಂಟನೇ ತರಗತಿಯ ಮಗಳಿಗೆ ಕೊಡಿಸುವುದಾದರೆ ಚಾಂಪಿಯನ್ನರು ಹಿಡಿಯುವ ಜರ್ಮನಿಯ ರೈಫಲನ್ನೇ ಕೊಡಿಸಬೇಕೆಂದು ಅವರ ಹಂಬಲ. ಬೆಲೆ ಎರಡು ಲಕ್ಷಕ್ಕೂ ಮಿಕ್ಕು. ಮಗಳ ತರಬೇತುದಾರರು ಅವರನ್ನು ಶೂಟಿಂಗ್ ರೇಂಜಿಗೆ ಕರೆಸಿ, ಅಂಥದ್ದೇ ಒಂದನ್ನು ಹುಡುಗಿಯ ಕೈಗಿತ್ತು, 'ಸುಮ್ಮನೆ ನೋಡುತ್ತಿರಿ ಸಾರ್' ಎಂದರು.

ಮೊದಲೈದು ನಿಮಿಷ ಎಲ್ಲವೂ ಚೆನ್ನ. ಆಮೇಲೆ ಬೆನ್ನು ಹಿಂದಕ್ಕೆ ಬಾಗಿತು, ಕತ್ತು ಮುಂದಕ್ಕೆ ಚಾಚಿತು, ನಳಿಗೆಯ ತುದಿ ನಡುಗತೊಡಗಿತು. 'ನನ್ನ ಕೈಲಾಗಲ್ಲ ಅಪ್ಪ' ಎಂದು ಹುಡುಗಿ ಕಣ್ತುಂಬಿಕೊಂಡಳು. ತಪ್ಪು ಅವಳದ್ದಾಗಿರಲಿಲ್ಲ.

ನಿಂತು ಹೊಡೆಯುವ ಈ ಆಟದಲ್ಲಿ ಭಾರ ಹೊರಬೇಕಾದದ್ದು ಮೂಳೆ, ಸ್ನಾಯುವಲ್ಲ. ಆಸರೆ ಕೊಡುವ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರಬೇಕು. ನಿಯಮದಂತೆ ರೈಫಲ್ ಐದೂವರೆ ಕಿಲೋವರೆಗೆ ತೂಗಬಹುದು. ತೂಗಬಹುದು ಎಂದರೆ ತೂಗಲೇಬೇಕೆಂದಲ್ಲವಲ್ಲ! ಬೆಳೆಯುವ ಬೆನ್ನಿಗೆ ಹಗುರವಾದದ್ದೇ ಲೇಸು. ತೂಕಕ್ಕಿಂತಲೂ ಅಳತೆ ಮುಖ್ಯ. ಹೆಗಲಿಗೆ ಆನಿಸುವ ಬಟ್, ಕೆನ್ನೆ ಇಡುವ ಚೀಕ್‌ಪೀಸ್ ಇವೆರಡನ್ನೂ ಸರಿಸುವಂತಿದ್ದರೆ ಮಗುವಿನ ಜೊತೆ ರೈಫಲೂ ಬೆಳೆಯುತ್ತದೆ. ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡ ಲಂಗ ಹೊಲಿಸುವ ಲೆಕ್ಕಾಚಾರ ಇಲ್ಲಿ ನಡೆಯದು.

ಕಣ್ಣಿನ ವಿಷಯವಂತೂ ತಂದೆಗೆ ಹೊಳೆದೇ ಇರಲಿಲ್ಲ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ತೆರೆದು ಗೋಡೆಯ ಗಡಿಯಾರವನ್ನು ನೋಡಬೇಕು. ಬಳಿಕ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ನಿಲ್ಲುತ್ತದೋ ಅದೇ ಯಜಮಾನ ಕಣ್ಣು. ಬಲಗೈಯಲ್ಲಿ ಬರೆಯುವ ಈ ಹುಡುಗಿಯ ಯಜಮಾನ ಎಡಗಣ್ಣು! ಎಡಹೆಗಲಿನಿಂದ ಹೊಡೆಯುವುದೋ, ಎಡಗಣ್ಣಿಗೆ ಮರೆಪಟ್ಟಿ ಇಟ್ಟು ಬಲಗಣ್ಣನ್ನು ಪಳಗಿಸುವುದೋ ಎಂಬುದು ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಬಲಗೈಗೆಂದು ಮಾಡಿದ ಹಿಡಿ ಎಡಗೈಗೆ ಒಗ್ಗುವುದಿಲ್ಲ.

ಹಳೆಯದನ್ನು ಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಗಾಳಿ ತುಂಬುವ ಸಿಲಿಂಡರಿನ ಮೇಲೆ ಒತ್ತಿದ ತಾರೀಖನ್ನು ಓದಬೇಕು. ಅವಧಿ ಮೀರಿದ ಸಿಲಿಂಡರ್ ಅಪಾಯ, ಹೊಸದಕ್ಕೆ ಕೈಯಿಂದ ದುಡ್ಡು ಬೇರೆ. ಭಾರತದಲ್ಲೇ ತಯಾರಾದ ರೈಫಲ್‌ಗಳೂ ಈಗ ಸಿಗುತ್ತವೆ, ಕಲಿಯುವವರಿಗೆ ಧಾರಾಳ ಸಾಕು. ರೈಫಲ್ ಒಂದಕ್ಕೇ ಹಣವೆಲ್ಲ ಸುರಿದವರು ದಪ್ಪ ಜಾಕೆಟ್ಟಿಗೆ, ಗುಂಡಿಗೆ ಪರದಾಡುತ್ತಾರೆ. ದಿನಕ್ಕೆ 60 ಹೊಡೆದರೂ 500 ಗುಂಡಿನ ಡಬ್ಬಿ ಎಂಟು ದಿನಕ್ಕೆ ಖಾಲಿ. ಇನ್ನು ಮನೆಯಲ್ಲಿ ರೈಫಲಿಗೊಂದು ಬೀಗದ ಬೀರು ಬೇಕೇ ಬೇಕು. ಗಾಳಿಯದಾದರೂ ಅದು ಆಟಿಕೆಯಲ್ಲ, ಕಣ್ಣು ಕಳೆಯಬಲ್ಲದು.

ಗುಮಾಸ್ತರು ಅರ್ಜಿಯನ್ನು ಹಿಂದಕ್ಕೆ ಪಡೆದರು. ಆರು ತಿಂಗಳು ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಲೆಂದು ಒಪ್ಪಂದವಾಗಿದೆ. ಎರಡೂ ಕೈಗೆ ಒಗ್ಗುವ ಹಳೆಯದೊಂದು ಅಲ್ಲಿತ್ತು. ಹುಡುಗಿ ಅದನ್ನು ಎಡಹೆಗಲಿಗೆ ಆನಿಸಿ ಮೊದಲ ವಾರ ಹೊಡೆದ ಗುರಿಕಾಗದಗಳನ್ನು ತಂದೆ ಆಫೀಸಿನ ಫೈಲಿನಲ್ಲಿ ತಾರೀಖು ಹಾಕಿ ಇಟ್ಟುಕೊಂಡಿದ್ದಾರೆ.