ಆತಕೂರಿನ ಕಲ್ಲನ್ನು ಕಾಣಲು

ಭತ್ತದ ಕೊಯ್ಲು ಮುಗಿದು ಗದ್ದೆಗಳು ಬಯಲಾಗಿ, ಆಲೆಮನೆಗಳ ಹೊಗೆ ಮುಂಜಾವಿನ ಮಂಜಿನೊಡನೆ ಬೆರೆಯುವ ದಿನಗಳು ಬಂದುವೆಂದರೆ, ನಮ್ಮ ಮಂಡ್ಯ ಸೀಮೆಯ ಶಾಲೆಗಳಲ್ಲಿ ಪ್ರವಾಸದ ಮಾತು ತಾನಾಗಿಯೇ ಏಳುತ್ತದೆ. ಬೆಂಗಳೂರೆಂದು ನಿಶ್ಚಯವಾದೊಡನೆ ಒಂದು ಪಟ್ಟಿ ಸಿದ್ಧವಾಗುತ್ತದೆ: ವಿಧಾನಸೌಧ, ಲಾಲ್‌ಬಾಗು, ತಾರಾಲಯ, ಬನ್ನೇರುಘಟ್ಟ, ಇವುಗಳ ನಡುವೆ ಎಲ್ಲಿಯೋ ಅರ್ಧ ಗಂಟೆಯ ಅವಕಾಶದಲ್ಲಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಆ ಅರ್ಧ ಗಂಟೆಯಲ್ಲಿ ಮಕ್ಕಳು ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬರುತ್ತಾರೆ. ಮುಂದಿನವನ ಬೆನ್ನನ್ನಲ್ಲದೆ ಬೇರೇನನ್ನೂ ಅವರು ಕಂಡಿರುವುದಿಲ್ಲ. ಸಹಸ್ರ ವರ್ಷಗಳ ಕಾಲವನ್ನು ಎದೆಯಲ್ಲಿಟ್ಟುಕೊಂಡು ನಿಂತಿರುವ ಶಿಲೆಗಳ ಎದುರಿಗೆ ನಮ್ಮ ಮಕ್ಕಳು ಹೀಗೆ ಹಾದುಹೋಗುವುದು ನನ್ನ ಮನಸ್ಸಿಗೆ ಬಹಳ ನೋವನ್ನು ತರುವ ಸಂಗತಿ.

ವಸ್ತುಸಂಗ್ರಹಾಲಯದ ಪ್ರವಾಸವನ್ನು ಯೋಜಿಸತಕ್ಕವರು ಮೊದಲು ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಬೇಕು, ಅದರ ಸುತ್ತಲೇ ಉಳಿದ ಎಲ್ಲ ಸಿದ್ಧತೆಯೂ ಬೆಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮದ್ದೂರಿನ ಸುತ್ತಮುತ್ತಣ ಶಾಲೆಗಳಿಗಂತೂ ಈ ಆಯ್ಕೆಯಲ್ಲಿ ಸಂಶಯಕ್ಕೆ ಆಸ್ಪದವೇ ಇಲ್ಲ. ಅದೇ ತಾಲ್ಲೂಕಿನ ಆತಕೂರಿನಿಂದ ಹೋಗಿ, ಸುಮಾರು 80 ಕಿಲೋಮೀಟರು ದೂರದ ಆ ಕೆಂಪು ಕಟ್ಟಡದಲ್ಲಿ ನೆಲೆಗೊಂಡಿರುವ ಕಲ್ಲೊಂದುಂಟು. ಶಕವರ್ಷ 872ರ ಅದು, ಎಂದರೆ ಕ್ರಿಸ್ತಶಕ 949-50ರ ಕಾಲದ್ದು.

ಆ ಕಲ್ಲಿನ ವೃತ್ತಾಂತವನ್ನು ತುಸು ಸಾವಧಾನವಾಗಿಯೇ ಹೇಳಬೇಕು. ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಮಹಾಯುದ್ಧ ನಡೆದು, ಚೋಳ ರಾಜಕುಮಾರ ರಾಜಾದಿತ್ಯನು ಅಲ್ಲಿ ಮಡಿದನು. ಆ ಯುದ್ಧದಲ್ಲಿ ಕೃಷ್ಣನಿಗೆ ಬಲಗೈಯಾಗಿ ನಿಂತವನು ಗಂಗರ ದೊರೆ ಬೂತುಗ. ಬೂತುಗನ ಕಣ್ಣೆದುರಿಗೆ ಅಸಾಧಾರಣ ಶೌರ್ಯವನ್ನು ಮೆರೆದವನು ಅವನ ಸೇವಕನಾದ ಮಣಲೆರ. ಮೆಚ್ಚಿದ ದೊರೆಯು ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಪದವಿಯನ್ನಲ್ಲ. ದೊರೆಯ ಬಳಿಯಿದ್ದ ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೇ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಕೆರೆಯ ಕೆಳಗಣ ಎರಡು ಖಂಡುಗ ಭೂಮಿಯನ್ನು ಅದಕ್ಕೆಂದು ಬಿಟ್ಟುಕೊಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಬರೆಯಿಸಿದನು. ಚಕ್ರವರ್ತಿಗಳ ಬಿರುದುಗಳನ್ನೂ ಸಾಮ್ರಾಜ್ಯಗಳ ಸೋಲುಗೆಲವುಗಳನ್ನೂ ಹೇಳುವ ಅದೇ ಶಾಸನದ ನಡುವೆ ನಾಯಿ ಹಂದಿಗಳು ಸೆಣಸುತ್ತಿರುವ ಚಿತ್ರವನ್ನು ಬಿಡಿಸಿದ್ದಾರೆ. ನಾಯಿಯನ್ನು ಸಾಕಿರುವ, ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ ರಾತ್ರಿಗಳನ್ನು ಕಂಡಿರುವ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ತಕ್ಕೋಲದ ಯುದ್ಧದೊಳಕ್ಕೆ ಹೊಗಲು ಇದಕ್ಕಿಂತ ಒಳ್ಳೆಯ ಬಾಗಿಲು ಯಾವುದಿದೆ?

ವಸ್ತುವು ನಿಶ್ಚಯವಾದ ಮೇಲೆ ಪೋಷಕರ ಸಭೆ. ನಾವು ಹೀಗೊಂದು ಪ್ರವಾಸವನ್ನು ಹೊರಡಿಸುವ ಯೋಚನೆಯನ್ನು ಮುಂದಿಟ್ಟಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದುನಿಂತು, “ಕಲ್ಲು ನೋಡಕ್ಕೆ ಅಷ್ಟು ದೂರ ಯಾಕೆ ಕರ್ಕೊಂಡೋಯ್ತೀರಿ ಮೇಷ್ಟ್ರೇ? ನಮ್ಮ ಹೊಲದ ಬದಿನಲ್ಲೇ ಒಂದು ಬಿದ್ದದೆ, ಅದ್ರ ಮ್ಯಾಲೂ ಬರವಣಿಗೆ ಅದೆ,” ಎಂದರು. ಆ ಪ್ರಶ್ನೆಯು ನನಗೆ ಬಹುಕಾಲ ಚಿಂತನೆಯನ್ನು ಒದಗಿಸಿದೆ. “ಅಮ್ಮಾ, ಅದನ್ನು ಓದಕ್ಕೆ ಕಲಿಯಲಿ ಅಂತಲೇ ಇದನ್ನು ತೋರಿಸೋದು, ಬಂದ ಮೇಲೆ ನಿಮ್ಮ ಹೊಲಕ್ಕೂ ಬರ್ತೀವಿ,” ಎಂದು ಅಂದು ನಾನು ಕೊಟ್ಟ ಉತ್ತರವೇ ಯೋಜನೆಯ ಉಳಿದರ್ಧವಾಯಿತು.

ಆ ಉಳಿದರ್ಧಕ್ಕೆ ಬರುವ ಮುನ್ನ ತರಗತಿಯ ಕೆಲಸವನ್ನು ಹೇಳಬೇಕು. ಹೊರಡುವುದಕ್ಕೆ ಎರಡು ವಾರ ಮುಂಚಿನಿಂದ, ಪ್ರತಿದಿನವೂ ಒಂದೆರಡು ಹಳಗನ್ನಡ ಲಿಪಿಯ ಅಕ್ಷರಗಳನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಅಳಿಸದೆ ಬಿಡುವುದು ಒಳ್ಳೆಯದು. ಹತ್ತನೆಯ ಶತಮಾನದ ಕಕಾರವನ್ನೂ ಇಂದಿನ ಕಕಾರವನ್ನೂ ಅಕ್ಕಪಕ್ಕದಲ್ಲಿ ಇಟ್ಟರೆ, ಒಂದರಿಂದ ಇನ್ನೊಂದು ಹೇಗೆ ಇಳಿದು ಬಂತೆಂಬುದನ್ನು ಮಕ್ಕಳು ನಮಗಿಂತ ಬೇಗ ಕಂಡುಹಿಡಿಯುತ್ತಾರೆ. ಅವರ ಕಣ್ಣಿಗೆ ಅಕ್ಷರವು ಇನ್ನೂ ಚಿತ್ರವಾಗಿಯೇ ಉಳಿದಿರುವುದು ಇದಕ್ಕೆ ಕಾರಣವಿರಬೇಕು. ಇದಲ್ಲದೆ, ಶಾಸನದ ಪಡಿಯಚ್ಚನ್ನು ತೆಗೆಯುವ ಬಗೆಯನ್ನು ಅವರಿಗೆ ವಿವರಿಸಬೇಕು: ಕಲ್ಲನ್ನು ಚೆನ್ನಾಗಿ ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಮೆಲ್ಲಮೆಲ್ಲನೆ ಬಡಿದಾಗ ಕಾಗದವು ಅಕ್ಷರಗಳ ಕುಳಿಯೊಳಕ್ಕೆ ಇಳಿಯುತ್ತದೆ, ಆಮೇಲೆ ಶಾಯಿಯ ಮೆತ್ತೆಯನ್ನು ಒತ್ತುತ್ತ ಹೋದರೆ ಬಯಲೆಲ್ಲ ಕಪ್ಪಾಗಿ, ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ತಮ್ಮ ಸಹಾಯಕ ಪಂಡಿತರೊಡನೆ ಹಳೆಯ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಲ್ಲಿ ಸಹಸ್ರಾರು ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಆತಕೂರಿನ ಶಾಸನವೂ ಆ ಸಂಪುಟಗಳಲ್ಲಿದೆ. ಅದರ ಪಾಠದ ಒಂದೆರಡು ಸಾಲುಗಳನ್ನು ಮಕ್ಕಳು ಮೊದಲೇ ಓದಿ, ಅರ್ಥವನ್ನು ಚರ್ಚಿಸಿ, ಕಾಳಿಯ ಹೆಸರು ಎಲ್ಲಿದೆಯೆಂದು ತಿಳಿದು ಹೋದರೆ, ಕಲ್ಲಿನ ಮುಂದೆ ಅವರಿಗೆ ಹುಡುಕುವುದಕ್ಕೆ ಏನಾದರೂ ಇರುತ್ತದೆ.

ಇನ್ನು ಲೌಕಿಕವಾದ ಸಿದ್ಧತೆಗಳು. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಸರ್ಕಾರಿ ರಜಾದಿನಗಳಲ್ಲಿಯೂ ಬಾಗಿಲು ಮುಚ್ಚಿರುತ್ತದೆ. ದುರಸ್ತಿಯ ನಿಮಿತ್ತ ಯಾವ ವಿಭಾಗವನ್ನಾದರೂ ಮುಚ್ಚಿದ್ದಾರೆಯೆ, ಕಲ್ಲು ಎಲ್ಲಿ ನಿಂತಿದೆ, ಮಕ್ಕಳು ಅದರ ಮುಂದೆ ಕುಳಿತುಕೊಳ್ಳಬಹುದೆ ಎಂಬುದನ್ನು ಅಧ್ಯಾಪಕರೊಬ್ಬರು ಮುಂಚಿತವಾಗಿ ಖುದ್ದು ಹೋಗಿ ವಿಚಾರಿಸಿ ಬರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಕೆಎಸ್‌ಆರ್‌ಟಿಸಿಯ ಒಪ್ಪಂದದ ಬಸ್ಸು, ಪ್ರಥಮಚಿಕಿತ್ಸೆಯ ಪೆಟ್ಟಿಗೆ ಇವನ್ನೆಲ್ಲ ಮುಖ್ಯೋಪಾಧ್ಯಾಯರುಗಳು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಎರಡು ವಿಷಯಗಳಲ್ಲಿ ಮಾತ್ರ ನಾನು ಒತ್ತಿ ಹೇಳಬೇಕಾಗಿದೆ. ಮೊದಲನೆಯದು, ಹಣವನ್ನು ಕೊಡಲಾರದ ಮಗುವಿನ ವಿಚಾರ. ಪ್ರವಾಸಕ್ಕೆ ದುಡ್ಡು ತಂದವರ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಕೂಗುವ ಪದ್ಧತಿಯು ಎಲ್ಲಿದ್ದರೂ ಅದು ನಿಲ್ಲಬೇಕು. ಹೆಸರು ಬಾರದ ಮಗು ಆ ದಿನಗಳಲ್ಲಿ ತಲೆ ಬಗ್ಗಿಸಿಕೊಂಡು ಕುಳಿತಿರುವುದನ್ನು ಕಂಡವರು ಅದನ್ನು ಮರೆಯಲಾರರು. ಊರಿನ ಶಾಲಾಭಿವೃದ್ಧಿ ಸಮಿತಿಯವರ ಮುಂದೆ ಒಟ್ಟು ಖರ್ಚನ್ನು ಇಟ್ಟು, ಮೊದಲೇ ಕೊರತೆಯನ್ನು ತುಂಬಿಸಿಕೊಂಡು, ಒಂದು ತರಗತಿಯೆಂದರೆ ಇಡೀ ತರಗತಿಯೇ ಹೊರಡುವಂತಿರಬೇಕು. ಎರಡನೆಯದು, ಹೆಣ್ಣುಮಕ್ಕಳ ಶೌಚದ ಅನುಕೂಲ. ದಾರಿಯಲ್ಲಿ ಬಸ್ಸು ಎಲ್ಲಿ ನಿಲ್ಲುವುದು, ಅಲ್ಲಿ ನೀರಿದೆಯೆ, ಬಾಗಿಲಿಗೆ ಅಗುಳಿ ಇದೆಯೆ ಎಂಬುದನ್ನು ಅಧ್ಯಾಪಕಿಯೊಬ್ಬರು ಮೊದಲೇ ನೋಡಿರಬೇಕು. ಈ ಅಂಜಿಕೆಯಿಂದ ಬೆಳಗಿನಿಂದ ನೀರನ್ನೇ ಕುಡಿಯದೆ ಬರುವ ಹುಡುಗಿಗೆ, ಮಧ್ಯಾಹ್ನದ ಹೊತ್ತಿಗೆ ಯಾವ ಶಿಲೆಯೂ ಶಾಸನವೂ ಕಣ್ಣಿಗೆ ಬೀಳುವುದಿಲ್ಲ.

ಸಂಗ್ರಹಾಲಯಕ್ಕೇ ಒಂದು ಚರಿತ್ರೆಯಿದೆಯೆಂಬುದನ್ನು ಬಸ್ಸಿನಲ್ಲಿ ಹೇಳಬಹುದು. ಮದರಾಸಿನಲ್ಲಿ ಇಂಥದೇ ಒಂದು ಸಂಗ್ರಹವನ್ನು ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರರ ಪ್ರಯತ್ನದಿಂದ, ಬೌರಿಂಗರು ಮುಖ್ಯ ಕಮಿಷನರಾಗಿದ್ದ ಕಾಲದಲ್ಲಿ, 1865ರಲ್ಲಿ ಅದು ಪ್ರಾರಂಭವಾಯಿತು. ದಂಡಿನ ಹಳೆಯ ಕಾರಾಗೃಹವೇ ಅದರ ಮೊದಲ ಮನೆ. ಮುಂದೆ ಸ್ಯಾಂಕಿಯವರು ರೂಪಿಸಿದ ಈಗಿನ ಕಟ್ಟಡಕ್ಕೆ ಬಂದು ನೆಲೆಸಿತು. ಇಷ್ಟು ಸಾಕು, ಮಿಕ್ಕ ಹೊತ್ತನ್ನು ಮಕ್ಕಳ ಹಾಡಿಗೆ ಬಿಟ್ಟುಕೊಡಬೇಕು.

ಕಲ್ಲಿನ ಮುಂದೆ ನಿಂತಾಗ ಅಧ್ಯಾಪಕರು ಮಾಡಬೇಕಾದ ಕೆಲಸವೆಂದರೆ ಮೌನವಾಗಿರುವುದು. ಹತ್ತು ಹತ್ತು ಮಕ್ಕಳ ಗುಂಪಾಗಿ ಬಿಟ್ಟು, ಪ್ರತಿ ಗುಂಪಿಗೂ ಇಪ್ಪತ್ತು ನಿಮಿಷವನ್ನಾದರೂ ಕೊಟ್ಟು, ಕೈಯಲ್ಲಿ ಪೆನ್ಸಿಲನ್ನೂ ಗೆರೆಯಿಲ್ಲದ ಹಾಳೆಯನ್ನೂ ಕೊಟ್ಟರೆ ತೀರಿತು. ಮುಟ್ಟಬಾರದೇಕೆಂಬುದನ್ನು ಗದರಿಸಿ ಹೇಳುವ ಬದಲು ಕಾರಣಸಹಿತವಾಗಿ ಹೇಳಬೇಕು: ಬೆರಳಿನ ಬೆವರು, ಜಿಡ್ಡು ನಿತ್ಯವೂ ನೂರಾರು ಜನರಿಂದ ತಗುಲಿದರೆ ಕಲ್ಲೂ ಸವೆಯುತ್ತದೆ. ಸವೆದ ಅಕ್ಷರವನ್ನು ಓದುವುದಕ್ಕೆ ಬೆಳಕು ಎದುರಿನಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಕಾವಲಿನವರ ಅಪ್ಪಣೆ ಪಡೆದು ಒಂದು ಸಣ್ಣ ಟಾರ್ಚನ್ನು ಕಲ್ಲಿನ ಅಂಚಿನ ಬದಿಯಲ್ಲಿ ಹಿಡಿದರೆ, ಅದುವರೆಗೆ ಬೋಳಾಗಿ ಕಂಡ ಮೈಯಲ್ಲಿ ಪ್ರತಿಯೊಂದು ಕುಳಿಯೂ ತನ್ನದೊಂದು ನೆರಳನ್ನು ತುಂಬಿಕೊಂಡು ಅಕ್ಷರಗಳು ಎದ್ದುನಿಲ್ಲುತ್ತವೆ. “ಸಾರ್, ಇಲ್ಲಿ ಕಾ ಇದೆ!” ಎಂದು ಯಾರಾದರೂ ಕೂಗುವರು, ಉಳಿದವರು ಅದರ ಪಕ್ಕದ ಅಕ್ಷರಕ್ಕಾಗಿ ಮುಗಿಬೀಳುವರು. ಅಲ್ಲಿಂದ ಮುಂದಕ್ಕೆ ಅವರನ್ನು ಯಾರೂ ನಡೆಸಬೇಕಾಗಿಲ್ಲ.

ಅದೇ ಸಂಗ್ರಹಾಲಯದಲ್ಲಿ ಶ್ರೀರಂಗಪಟ್ಟಣದ ಕೋಟೆಯ ಉಬ್ಬು ಪ್ರತಿಕೃತಿಯೊಂದಿದೆ. ಅದೂ ನಮ್ಮ ಜಿಲ್ಲೆಯದೇ ಆದ ಕಾರಣ, ಕಾವೇರಿಯು ಎಲ್ಲಿ ಕವಲೊಡೆದು ಎಲ್ಲಿ ಕೂಡುತ್ತಾಳೆಂಬುದನ್ನು ಮಕ್ಕಳು ಅಲ್ಲಿ ನಿಂತು ಗುರುತಿಸಲಿ. ಹಳೇಬೀಡಿನ ಶಿಲ್ಪಗಳನ್ನು, ಕೊಡಗಿನ ವಸ್ತುಗಳನ್ನು, ಮೊಹೆಂಜೊದಾರೊವಿನ ಅವಶೇಷಗಳನ್ನು ಮನಸ್ಸು ಬಂದವರು ನೋಡಲಿ, ದಣಿದವರು ಕುಳಿತಿರಲಿ. ಪಕ್ಕದಲ್ಲೇ ಇರುವ ವಿಶ್ವೇಶ್ವರಯ್ಯನವರ ಹೆಸರಿನ ವಿಜ್ಞಾನ ಸಂಗ್ರಹಾಲಯದ ವಿಚಾರವಾಗಿ ನನಗೂ ವಿಜ್ಞಾನದ ಅಧ್ಯಾಪಕ ಮಿತ್ರರಿಗೂ ಪ್ರತಿ ಸಲವೂ ವಾದ ನಡೆಯುತ್ತದೆ. ಕನ್ನಂಬಾಡಿಯ ನೀರು ಕುಡಿದು ಬೆಳೆದ ಮಕ್ಕಳನ್ನು ಆ ಹೆಸರಿನ ಬಾಗಿಲಿನಿಂದ ಹಾಗೆಯೇ ಹಿಂದಕ್ಕೆ ಕರೆತರುವುದು ಸರಿಯೆ ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಆದರೂ ನನ್ನ ಮತವೆಂದರೆ, ಅದಕ್ಕೆ ಬೇರೊಂದು ವರ್ಷ, ಬೇರೊಂದು ದಿನ, ಅದರದೇ ಆದ ಎರಡು ವಾರಗಳ ಸಿದ್ಧತೆ ಸಲ್ಲಬೇಕು. ರಾಮನಗರದ ಬಳಿ ದಾರಿಯಲ್ಲೇ ಸಿಗುವ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಸಂಜೆಯ ಆತುರದಲ್ಲಿ ಮುಗಿಸುವುದು ಆ ಮಹನೀಯರ ಶ್ರಮಕ್ಕೆ ಮಾಡುವ ಅನ್ಯಾಯ.

ಊರಿಗೆ ಮರಳಿದ ಮೇಲೆ ಪ್ರಬಂಧವನ್ನು ಬರೆಯಿಸುವ ವಾಡಿಕೆಯಿದೆ. ಅದರ ಬದಲಿಗೆ, ಮೊದಲು ಬಂದ ಭಾನುವಾರ ಮಕ್ಕಳನ್ನು ಆ ತಾಯಿಯ ಹೊಲದ ಬದಿಗೆ ಕರೆದೊಯ್ಯುವುದು ನನಗೆ ಹೆಚ್ಚು ಪ್ರಿಯ. ಕಲ್ಲಿನ ಮೇಲೆ ಹಬ್ಬಿದ ಬಳ್ಳಿಯನ್ನು ಮೆಲ್ಲನೆ ಸರಿಸಿ, ಬರಿಯ ನೀರಿನಿಂದ ತೊಳೆದು, ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಬಳಿಯದೆ, ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಅದರ ಎದುರು ಕೂರಬೇಕು. ಕಂಡ ಅಕ್ಷರಗಳನ್ನು ಕಂಡಂತೆಯೇ ಬರೆದುಕೊಂಡು, ಉದ್ದಗಲಗಳನ್ನು ಅಳೆದು, ಸರ್ವೆ ನಂಬರನ್ನು ಶಾನುಭೋಗಿಕೆಯ ಕಾಗದಗಳನ್ನು ಬಲ್ಲ ಹಿರಿಯರಿಂದ ಕೇಳಿ ಗುರುತುಮಾಡಿ, ರೈಸರ ಸಂಪುಟದಲ್ಲಿ ಆ ಹಳ್ಳಿಯ ಹೆಸರಿದೆಯೆ ಎಂದು ಹುಡುಕಬೇಕು. ಇದ್ದರೆ ಅಚ್ಚಾದ ಪಾಠವನ್ನು ಕಲ್ಲಿನೊಡನೆ ಸಾಲುಸಾಲಾಗಿ ಹೋಲಿಸಬಹುದು. ಇಲ್ಲದಿದ್ದರೆ ಮಕ್ಕಳೇ ಒಂದು ಕಾಗದವನ್ನು ಬರೆದು, ತಾವು ಮಾಡಿದ ನಕಲನ್ನು ಜೊತೆಗಿಟ್ಟು, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಪುರಾತತ್ವ ಇಲಾಖೆಗೆ ಕಳುಹಿಸಲಿ. ಅದರ ಒಂದು ಪ್ರತಿ ಶಾಲೆಯ ಬೀರುವಿನಲ್ಲಿರಲಿ, ಇನ್ನೊಂದು ಆ ಹೊಲದವರ ಮನೆಯಲ್ಲಿ.