ಹಿಟ್ಟಿಗೆ ಏನು ಕಮ್ಮಿ?

ಇಂಪ್ರೂವರ್ ಎಂಬ ಪದ ನನಗೆ ಎಬಿಸಿಡಿ ಕಲಿಯುವ ಮೊದಲೇ ಗೊತ್ತಿತ್ತು. ಅರಸೀಕೆರೆಯಲ್ಲಿ ಅಪ್ಪ 26 ವರ್ಷ ನಡೆಸಿದ ಬೇಕರಿಯ ಒಳಕೋಣೆಯಲ್ಲಿ, ಮೈದಾ ಮೂಟೆಗಳ ಮೇಲಿನ ಗೂಡಿನಲ್ಲಿ ಅದರ ಡಬ್ಬಿ ಇರುತ್ತಿತ್ತು. ಚಳಿಗಾಲಕ್ಕೆ ಒಂದು ಅಳತೆ, ಬೇಸಿಗೆಗೆ ಇನ್ನೊಂದು, ಹೊಸ ಮೂಟೆಯ ಮೈದಾ ಜಾಳಾಗಿದ್ದರೆ ಮತ್ತೊಂದು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಎಷ್ಟು ಹಾಕಬೇಕು ಎಂದು ಕೇಳಿದರೆ ಅಪ್ಪ, "ಹಿಟ್ಟಿಗೆ ಏನು ಕಮ್ಮಿ ಅಂತ ಮೊದ್ಲು ನೋಡ್ರೋ, ಆಮೇಲೆ ಮುಚ್ಚಳ ತೆಗೀರಿ" ಅನ್ನುತ್ತಿದ್ದರು.

ಆ ಡಬ್ಬಿಗೆ ಕೆಟ್ಟ ಹೆಸರು ಬಂದದ್ದು 2016ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್‌ಮೆಂಟ್ ಸಂಸ್ಥೆ, ತಾನು ಪರೀಕ್ಷಿಸಿದ ಬ್ರೆಡ್ಡು, ಬನ್ನುಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್, ಅಯೋಡೇಟ್‌ಗಳ ಉಳಿಕೆ ಸಿಕ್ಕಿದೆ ಎಂದು ವರದಿ ಹೊರತಂದಿತು. ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಬ್ರೋಮೇಟ್ ಮೊದಲೇ ಇತ್ತು. ಮರುತಿಂಗಳೇ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಡಬ್ಬಿಯಲ್ಲಿ ಬ್ರೋಮೇಟ್ ಇರಲಿಲ್ಲ. ಇದ್ದದ್ದು ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಜೊತೆಗೆ ಒಂದೆರಡು ಕಿಣ್ವಗಳು. ಲೇಬಲ್ ಓದಿ ಅಪ್ಪನಿಗೆ ಹೇಳಿದ್ದು ನಾನೇ. ಆದರೆ ಬಂದ ಗಿರಾಕಿಗಳಿಗೆಲ್ಲ ಲೇಬಲ್ ಓದಿಸಲು ಆಗುತ್ತದೆಯೇ? "ಏನೇನೋ ಹಾಕ್ತೀರಂತಲ್ಲ ಸ್ವಾಮಿ" ಎಂಬ ಮಾತನ್ನು ಅಪ್ಪ ಆ ಬೇಸಿಗೆ ಪೂರ್ತಿ ಕೇಳಿಸಿಕೊಂಡರು.

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದದ್ದು ಅದಾದ ಮೂರು ವರ್ಷಕ್ಕೆ. ಪಾದ ಜೋಮು ಹಿಡಿಯತೊಡಗಿದ ಮೇಲೆ ಬೆಳಗಿನ ಜಾವ ಒಲೆಯ ಮುಂದೆ ನಿಲ್ಲುವುದು ಕಷ್ಟವಾಗಿ ಬೇಕರಿ ಮುಚ್ಚಿದರು. ಡಾಕ್ಟರು ಬ್ರೆಡ್ ಬಿಡಿ ಅಂದರು. ದಿನವೂ ಮೊದಲ ಒಬ್ಬೆಯ ಒಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಮನುಷ್ಯ ಅವರು. ಬಿಟ್ಟರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಕಷ್ಟವಾದದ್ದು ಆ ಮೌನ.

ನಾನು ಪಿಎಚ್‌ಡಿ ಮಾಡುತ್ತಿರುವುದು ಪಾಲಿಮರ್ ರಸಾಯನಶಾಸ್ತ್ರದಲ್ಲಿ. ಗೋಧಿಯ ಗ್ಲುಟೆನ್ ಕೂಡ ಒಂದು ಪಾಲಿಮರ್ರೇ. ಹಾಗಾಗಿ ಪಿಷ್ಟ ಕಡಿಮೆ ಇರುವ ಸಾವರ್‌ಡೋ, ಅಂದರೆ ಹುಳಿ ಬ್ರೆಡ್, ಅಪ್ಪನಿಗಾಗಿ ಮಾಡಬೇಕು ಅನ್ನಿಸಿದಾಗ ನನಗದು ದೂರದ ಕೆಲಸ ಅನ್ನಿಸಲಿಲ್ಲ. ಹಲವು ಶನಿವಾರಗಳ ನಂತರ ನಿಂತ ಅಳತೆ ಇದು: ಗ್ಲುಟೆನ್ ಪುಡಿ 120 ಗ್ರಾಂ, ಅಗಸೆ ಪುಡಿ 80, ಬಾದಾಮಿ ಪುಡಿ 40, ಇಸಬಗೋಲು 10, ಗೋಧಿಹಿಟ್ಟಿನ ಹುಳಿ 100, ಉಪ್ಪು 6, ನೀರು ಸುಮಾರು 250. ಇದರಲ್ಲಿ 16 ಹೋಳು ಬರುತ್ತವೆ. ನಾರು ಬಿಟ್ಟರೆ ಹೋಳಿಗೆ ಅಂದಾಜು ಮೂರೂವರೆ ಗ್ರಾಂ ಕಾರ್ಬೋಹೈಡ್ರೇಟು. ಅಂಗಡಿಯ ಬ್ರೆಡ್ಡಿನ ಅಷ್ಟೇ ದೊಡ್ಡ ಹೋಳಿನಲ್ಲಿ ಅದು 15 ಗ್ರಾಂ ಆಸುಪಾಸು ಇರುತ್ತದೆ.

ಅಳತೆ ಸುಲಭ. ಕಷ್ಟವಿರುವುದು ಹಿಟ್ಟಿನ ಸ್ವಭಾವದಲ್ಲಿ. ಮೈದಾದಲ್ಲಿ ಮುಕ್ಕಾಲು ಪಾಲು ಪಿಷ್ಟ. ಗ್ಲುಟೆನ್ ಹತ್ತರಲ್ಲೊಂದು ಪಾಲಿನಷ್ಟು. ಗ್ಲುಟೆನ್ ಬಲೆ ಹೆಣೆಯುತ್ತದೆ, ಪಿಷ್ಟ ಆ ಬಲೆಯ ನಡುವೆ ತುಂಬಿಕೊಳ್ಳುತ್ತದೆ. ಒಲೆಯ ಶಾಖಕ್ಕೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಆರಿದ ಮೇಲೆ ಬ್ರೆಡ್ಡು ಕುಸಿಯದಂತೆ ಹಿಡಿದಿಡುತ್ತವೆ. ಪಿಷ್ಟವನ್ನು ತೆಗೆದರೆ ಉಳಿಯುವುದು ಬರೀ ಬಲೆ. ಅದು ಒಲೆಯಲ್ಲಿ ಬಲೂನಿನಂತೆ ಊದಿಕೊಂಡು, ಹೊರಗೆ ಬಂದ ಕೂಡಲೇ ಕುಗ್ಗುತ್ತದೆ. ಕಚ್ಚಿದರೆ ರಬ್ಬರು.

ಇಲ್ಲಿ ಅಪ್ಪನ ಮಾತು ಕೆಲಸಕ್ಕೆ ಬಂತು. ಬೇಕರಿಯ ಇಂಪ್ರೂವರ್‌ಗಳು ಬಹುಪಾಲು ಜಾಳು ಮೈದಾಗೆಂದು ಹುಟ್ಟಿದವು. ವಿಟಮಿನ್ ಸಿ ಗ್ಲುಟೆನ್ ಎಳೆಗಳ ನಡುವಿನ ಗಂಧಕದ ಬೆಸುಗೆಗಳು ಬಿಚ್ಚಿಹೋಗದಂತೆ ಕಾಯ್ದು ಹಿಟ್ಟನ್ನು ಬಿಗಿ ಮಾಡುತ್ತದೆ. ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ 1961ರಲ್ಲಿ ರೂಪುಗೊಂಡ, ಗಂಟೆಗಟ್ಟಲೆ ಹಿಟ್ಟು ನೆನೆಯಲು ಬಿಡದೆ ಬ್ರೆಡ್ ಮಾಡುವ ವಿಧಾನ ನಿಂತಿರುವುದು ಜೋರಾಗಿ ನಾದುವ ಯಂತ್ರದ ಜೊತೆ ಈ ವಿಟಮಿನ್ನಿನ ಮೇಲೆಯೂ ಹೌದು. ನಮ್ಮ ಹಿಟ್ಟಿಗಾದರೋ ಬಿಗಿಯೇ ರೋಗ. ಪರೀಕ್ಷೆಗೆಂದು ಎರಡು ಉಂಡೆ ಮಾಡಿ, ಒಂದಕ್ಕೆ ಮಾತ್ರ ಚಿಟಿಕೆ ವಿಟಮಿನ್ ಸಿ ಹಾಕಿ, ಯಾವುದು ಯಾವುದೆಂದು ಹೇಳದೆ ಅಪ್ಪನ ಮುಂದಿಟ್ಟೆ. ಎರಡನ್ನೂ ಹೆಬ್ಬೆರಳಲ್ಲಿ ಒತ್ತಿದರು. "ಇದು ಜಗಳಕ್ಕೆ ನಿಂತಿದೆ ಪುಟ್ಟಿ. ಇದಕ್ಕೆ ಇನ್ನೂ ಶಕ್ತಿ ಯಾಕೆ ಕೊಟ್ಟೆ?" ಅಂದರು. ಪ್ರಯೋಗಾಲಯದಲ್ಲಿ ಇದನ್ನು ಅಳೆಯಲು ನಾವು ಯಂತ್ರ ಇಟ್ಟುಕೊಂಡಿದ್ದೇವೆ.

ಮಾಲ್ಟ್ ಪುಡಿಯದೂ ಅದೇ ಕಥೆ. ಅದರ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಯೀಸ್ಟಿಗೆ ಸಕ್ಕರೆ ಒದಗಿಸುತ್ತವೆ. ಕತ್ತರಿಸಲು ಪಿಷ್ಟವೇ ಇಲ್ಲದ ಕಡೆ ಅವಕ್ಕೇನು ಕೆಲಸ? ಅದರ ಬದಲು ಒಂದು ಚಮಚ ಜೇನು ಹಾಕುತ್ತೇನೆ. ಅದರಲ್ಲಿ ಬಹುಪಾಲನ್ನು ಹುಳಿಯ ಜೀವಿಗಳೇ ತಿಂದು ಮುಗಿಸುತ್ತವೆ.

ಈ ಹಿಟ್ಟಿಗೆ ಕಮ್ಮಿಯಾಗಿರುವುದು ನೀರು ಹಿಡಿಯುವ ಗುಣ, ಮೆದುತನ. ನೀರಿಗೆ ಇಸಬಗೋಲು. ತನ್ನ ತೂಕದ ಹತ್ತು ಪಟ್ಟಿಗಿಂತಲೂ ಹೆಚ್ಚು ನೀರು ಹೀರಿ ಲೋಳೆಯಾಗಿ, ಪಿಷ್ಟ ಬಿಟ್ಟುಹೋದ ಜಾಗದಲ್ಲಿ ಕೂರುತ್ತದೆ. ಹೆಚ್ಚಾದರೆ ಬ್ರೆಡ್ಡಿನ ಒಳಗು ಅಂಟಂಟು. ಮೆದುತನಕ್ಕೆ ಒಂದು ಚಮಚ ಸೋಯಾ ಲೆಸಿಥಿನ್, ಸ್ವಲ್ಪ ಎಣ್ಣೆ. ಅಗಸೆಯ ನಾರು ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ತುಂಡರಿಸಿ ರಬ್ಬರುತನ ಇಳಿಸುತ್ತದೆ. ಇವೆಲ್ಲಕ್ಕಿಂತ ಹಳೆಯ ಇಂಪ್ರೂವರ್ ಹುಳಿಯೇ. ಅದರ ಆಮ್ಲ ಬಿಗಿಯನ್ನು ಸಡಿಲಿಸುತ್ತದೆ, ಬೂಸ್ಟು ಬೇಗ ಹಿಡಿಯದಂತೆ ತಡೆಯುತ್ತದೆ. ಅದು ಕೇಳುವ ಬೆಲೆ ಒಂದೇ, ಸಮಯ.

ಇಸಬಗೋಲಿನ ಪೊಟ್ಟಣ ಕಂಡು ಅಮ್ಮ ಮೂಗು ಮುರಿದಳು. "ಹೊಟ್ಟೆ ಕಟ್ಟಿದಾಗ ಕುಡಿಯೋದನ್ನ ಬ್ರೆಡ್ಡಿಗೆ ಹಾಕ್ತಾರೇನೇ?" ಆ ಹೊತ್ತಿಗೆ ಅವಳು ದೋಸೆಗೆ ಅಕ್ಕಿ, ಉದ್ದು ನೆನೆಹಾಕುತ್ತಿದ್ದಳು, ಜೊತೆಗೆ ಒಂದು ಚಮಚ ಮೆಂತ್ಯ. ಆ ಮೆಂತ್ಯ ಮಾಡುವ ಕೆಲಸವೂ ಇದೇ. ಗ್ಲುಟೆನ್ ಇಲ್ಲದ ಅಕ್ಕಿಹಿಟ್ಟಿನಲ್ಲಿ ಗಾಳಿ ನಿಲ್ಲಿಸಲು ಉದ್ದಿನ ಲೋಳೆ ಬೇಕು, ಮೆಂತ್ಯದ ಅಂಟು ಅದಕ್ಕೆ ಆಸರೆ. ಅಮ್ಮ ಅದನ್ನು ಇಂಪ್ರೂವರ್ ಅನ್ನುವುದಿಲ್ಲ, ಹದ ಅನ್ನುತ್ತಾಳೆ. ಡಬ್ಬಿಯಿಂದ ಬಂದದ್ದಕ್ಕೆ ಒಂದು ಹೆಸರು, ಮಸಾಲೆ ಪೆಟ್ಟಿಗೆಯಿಂದ ಬಂದದ್ದಕ್ಕೆ ಇನ್ನೊಂದು. ಡಬ್ಬಿಯಲ್ಲಿ ಬ್ರೋಮೇಟ್‌ನಂಥದ್ದೂ ಬಂದದ್ದರಿಂದ ಲೇಬಲ್ ಓದಲೇಬೇಕು, ನಿಜ. ಆದರೆ ಹಿಟ್ಟಿಗೆ ಬೇರೇನೋ ಸೇರಿಸಿದ್ದೇ ಮೋಸ ಎಂದರೆ ನಮ್ಮ ದೋಸೆಯೂ ಮೋಸವೇ.

ಈ ಬ್ರೆಡ್ಡು ಎಲ್ಲರಿಗೂ ಅಲ್ಲ. ಇದು ಗ್ಲುಟೆನ್ನಿನ ಗಣಿ. ಸೀಲಿಯಾಕ್ ಇರುವವರು ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಪಿಷ್ಟವನ್ನು ಒಮ್ಮೆಗೇ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಪ್ಪನ ಡಾಕ್ಟರಿಗೆ ಅಳತೆಯ ಚೀಟಿ ತೋರಿಸಿ, ಮಾತ್ರೆಯ ವಿಷಯ ಮಾತಾಡಿದ ಮೇಲೆಯೇ ನಾವು ಶುರು ಮಾಡಿದ್ದು. ಮೊದಲ ವಾರ ತಿಂದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ ಬರೆದಿಟ್ಟೆವು. ಸಂಖ್ಯೆಗಳು ನಮ್ಮನ್ನು ಹೆದರಿಸಲಿಲ್ಲ.

ಈಗ ಅಪ್ಪ ದಿನಕ್ಕೆ ಎರಡು ಹೋಳು ತಿನ್ನುತ್ತಾರೆ, ಕಡಲೆಕಾಯಿ ಚಟ್ನಿಯ ಜೊತೆ. ಹೊಗಳಿಲ್ಲ. ಹೋಳನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡುತ್ತಾರೆ, ಒತ್ತಿ ಎಷ್ಟು ಹಿಂದಕ್ಕೆ ಬರುತ್ತದೆಂದು ನೋಡುತ್ತಾರೆ. ಮೊನ್ನೆ ಕೊನೆಗೂ ತೀರ್ಪು ಕೊಟ್ಟರು: "ಅಂಗಡೀಲಿ ಇದ್ದಿದ್ರೆ ನಾನಿದನ್ನ ಮಾರ್ತಿರ್ಲಿಲ್ಲ." ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಲೆಸಿಥಿನ್ ಅರ್ಧ ಚಮಚ ಇಳಿಸಿ ನೋಡು. ಈ ಶನಿವಾರ ನಾದೋದು ನಾನೇ" ಅಂದರು.