ಅಂಗೈಯ ಚಿತ್ರ, ಗೋಡೆಯ ಪರದೆ

ದೋಷ ಕಣ್ಣಿಗೆ ಬೀಳದಿರುವುದು ಬೇರೆ. ದೋಷವೇ ಇಲ್ಲದಿರುವುದು ಬೇರೆ. ಪುಸ್ತಕದ ಮೂಲೆಯಲ್ಲಿ ಪುಟ್ಟದಾಗಿ ಬರೆದ ಅಕ್ಷರದ ಓರೆಕೋರೆ ಯಾರಿಗೂ ತಿಳಿಯದು. ಅದೇ ಕೈಬರಹವು ಕರಿಹಲಗೆಯನ್ನೇರಿದಾಗ ಹಿಂದಿನ ಬೆಂಚಿನವರಿಗೂ ಅದರ ಸೊಟ್ಟು ಕಾಣುತ್ತದೆ. ಈ ಮಾತಿಗೆ ಇಂದು ಮನೆಮನೆಯಲ್ಲಿಯೂ ಹೊಸ ನಿದರ್ಶನವೊಂದು ದೊರೆಯುತ್ತಿದೆ. ಸ್ಮಾರ್ಟ್‌ಫೋನಿನಲ್ಲಿ ಸ್ವಚ್ಛವಾಗಿ ಕಂಡ ವಿಡಿಯೊ ದೊಡ್ಡ ಟೆಲಿವಿಷನ್ನಿನಲ್ಲಿ ಮಂಕಾಗಿ, ಚೌಕಚೌಕವಾಗಿ ಒಡೆದು ತೋರುತ್ತದೆ. ನೋಡುವವರು ಟೆಲಿವಿಷನ್ನನ್ನು ದೂರುತ್ತಾರೆ. ಆದರೆ ತಪ್ಪು ಬಹುಮಟ್ಟಿಗೆ ಅದರದಲ್ಲ.

ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಯಕ್ಷಗಾನದ ಹಿರಿಯ ಕಲಾವಿದರೊಬ್ಬರು ರಂಗದಿಂದ ನಿವೃತ್ತರಾಗುವ ಮುನ್ನ ಕೊನೆಯ ಬಾರಿಗೆ ಬಣ್ಣದ ವೇಷ ಕಟ್ಟಿದರೆಂದು ಭಾವಿಸೋಣ. ಅಕ್ಕಿಹಿಟ್ಟು, ಸುಣ್ಣಗಳನ್ನು ಕಲಸಿ ಮುಖದ ಮೇಲೆ ಚುಟ್ಟಿಯನ್ನು ಒಂದೊಂದಾಗಿ ಇಡುವುದಕ್ಕೆ ಗಂಟೆಗಟ್ಟಲೆ ತಾಳ್ಮೆ ಬೇಕು. ಮೊಮ್ಮಗನು ಆ ರಾತ್ರಿಯ ಆಟವನ್ನು ಫೋನಿನಲ್ಲಿ ಸೆರೆಹಿಡಿದು, ಸಂದೇಶದ ಆ್ಯಪಿನ ಮೂಲಕ ಬಂಧುಗಳಿಗೆಲ್ಲ ಕಳುಹಿಸಿದನು. ಬಳಿಕ ಫೋನಿನಲ್ಲಿ ಜಾಗ ಸಾಲದೆಂದು ಮೂಲ ವಿಡಿಯೊವನ್ನು ಅಳಿಸಿಬಿಟ್ಟನು. ಬಂಧುಗಳ ಬಳಿ ಉಳಿದಿದ್ದ ಪ್ರತಿಯನ್ನು ತರಿಸಿ ಟೆಲಿವಿಷನ್ನಿನಲ್ಲಿ ಹಾಕಿದಾಗ, ಮುಖವಿದ್ದ ಕಡೆ ಕೆಂಪು ಬಿಳಿಗಳು ಕಲಸಿಹೋಗಿದ್ದವು.

“ಅಜ್ಜಾ, ಚುಟ್ಟಿಯೇ ಕಾಣುವುದಿಲ್ಲವಲ್ಲ!”

“ನಾನು ಇಟ್ಟದ್ದು ನಿಜ ಮಗಾ. ಅದು ಎಲ್ಲಿ ಹೋಯಿತು?”

ಅಜ್ಜನ ಈ ಪ್ರಶ್ನೆ ವಿಚಾರಾರ್ಹವಾದುದು.

ವಿಡಿಯೊದ ಚಿತ್ರವೆಂಬುದು ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳ ಜೋಡಣೆ. ಫುಲ್ ಎಚ್.ಡಿ. ಚಿತ್ರವೊಂದರಲ್ಲಿ ಅಗಲಕ್ಕೆ 1920, ಎತ್ತರಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಇವು ಫೋನಿನ 14 ಸೆಂಟಿಮೀಟರು ಅಗಲದಲ್ಲಿ ಅಡಗಿದಾಗ ಒಂದೊಂದು ಚುಕ್ಕೆಯ ಅಗಲ ಸುಮಾರು 0.07 ಮಿಲಿಮೀಟರು. ಒಂದಡಿ ದೂರದಿಂದ ನೋಡುವ ಕಣ್ಣು ಇಷ್ಟು ಕಿರಿದನ್ನು ಬಿಡಿಸಿ ಗುರುತಿಸಲಾರದು. ಅದೇ ಚಿತ್ರ 55 ಅಂಗುಲದ ಟೆಲಿವಿಷನ್ನಿಗೆ ಹಬ್ಬಿದಾಗ ಚುಕ್ಕೆಯ ಅಗಲ 0.63 ಮಿಲಿಮೀಟರಿಗೆ ಏರುತ್ತದೆ. ಮೂರು ಮೀಟರು ದೂರ ಕುಳಿತವರಿಗೆ ಇದೂ ಬೆರೆತೇ ಕಾಣುವುದು. ಆದರೆ ಒಂದೂವರೆ ಮೀಟರಿನಲ್ಲಿ ಕುಳಿತವರ ಕಣ್ಣಿಗೆ ಚುಕ್ಕೆಯೂ ಬೀಳುತ್ತದೆ, ಚುಕ್ಕೆಯ ಕುಂದೂ ಬೀಳುತ್ತದೆ.

ಕುಂದು ಹುಟ್ಟುವುದು ಚಿತ್ರೀಕರಣದ ಕ್ಷಣದಲ್ಲಿಯೇ. ಫೋನಿನ ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಸೆನ್ಸರು ಕಿರುಬೆರಳಿನ ಉಗುರಿನಷ್ಟು ಚಿಕ್ಕದು. ಹಗಲಿನಲ್ಲಿ ಅದಕ್ಕೆ ಕೊರತೆಯಿಲ್ಲ. ಇರುಳಿನಲ್ಲಿ ಬೆಳಕು ಸಾಲದೆ ಚಿತ್ರದಲ್ಲಿ ಮರಳಿನಂತಹ ಕಣಗಳು ತುಂಬುತ್ತವೆ. ಆ ಕಣಗಳನ್ನು ಒರೆಸಿಹಾಕಲು ಫೋನು ಚಿತ್ರವನ್ನು ಸವರುತ್ತದೆ. ಕಣಗಳೊಡನೆ ಚುಟ್ಟಿಯ ಸೂಕ್ಷ್ಮವೂ ಅಳಿಯುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಸಂಕೋಚನದಿಂದ ಆಗುತ್ತದೆ. ಸೆಕೆಂಡಿಗೆ 30 ಚಿತ್ರಗಳಂತೆ, ಫುಲ್ ಎಚ್.ಡಿ. ವಿಡಿಯೊದ ಪೂರ್ಣ ವಿವರವನ್ನು ಬರೆದಿಡಲು ಸೆಕೆಂಡೊಂದಕ್ಕೆ ಸುಮಾರು 150 ಕೋಟಿ ಬಿಟ್‌ಗಳು ಬೇಕು. ಫೋನು ಅದನ್ನು ಸಾಮಾನ್ಯವಾಗಿ ಒಂದೆರಡು ಕೋಟಿಗೆ ಇಳಿಸುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಂಡು ಉಳಿದುದನ್ನು ಬಿಡುವುದು ಇದರ ಉಪಾಯ. ಕುಳಿತು ಮಾತನಾಡುವವರ ಚಿತ್ರಕ್ಕೆ ಈ ಉಪಾಯ ಚೆನ್ನಾಗಿ ಒಪ್ಪುತ್ತದೆ. ಆದರೆ ಚೆಂಡೆಯ ಪೆಟ್ಟಿಗೆ ವೇಷಧಾರಿ ಗಿರಕಿ ಹೊಡೆಯುವಾಗ, ಹಿಡಿದ ಕೈಯೂ ನಡುಗುವಾಗ, ಕ್ಷಣಕ್ಷಣಕ್ಕೂ ಎಲ್ಲವೂ ಬದಲಾಗುತ್ತದೆ. ಬರೆಯಲು ಜಾಗ ಸಾಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಸಂದೇಶದ ಆ್ಯಪು ಕಳುಹಿಸುವಾಗ ಅದನ್ನು ಮತ್ತೊಮ್ಮೆ ಹಿಂಡಿ, ಚುಕ್ಕೆಗಳ ಸಂಖ್ಯೆಯನ್ನೂ ತಗ್ಗಿಸುವುದುಂಟು. ಅಜ್ಜನ ಚುಟ್ಟಿ ಹೋದದ್ದು ಹೀಗೆ.

ಇನ್ನು ಟೆಲಿವಿಷನ್ನಿನ ಪಾತ್ರವೇನು? 4ಕೆ ಪರದೆಯಲ್ಲಿ 82,94,400 ಚುಕ್ಕೆಗಳಿವೆ, ಫುಲ್ ಎಚ್.ಡಿ. ಚಿತ್ರದ ನಾಲ್ಕು ಪಟ್ಟು. ಬರಿದಾದ ಮೂರು ಪಾಲನ್ನು ಅದು ನೆರೆಹೊರೆಯ ಚುಕ್ಕೆಗಳನ್ನು ನೋಡಿ ಊಹೆಯಿಂದ ತುಂಬುತ್ತದೆ. ಊಹೆ ಅಂಚನ್ನು ನಯಗೊಳಿಸಬಲ್ಲದು. ಕಳೆದುಹೋದುದನ್ನು ಇದ್ದಂತೆಯೇ ಮರಳಿ ತರಲಾರದು. ಫೋನನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊವಾದರೆ ಪರದೆಯ ಮೂರನೆಯ ಒಂದು ಪಾಲು ಮಾತ್ರ ತುಂಬಿ, ಎರಡು ಬದಿಗಳೂ ಕಪ್ಪಾಗಿ ಉಳಿಯುತ್ತವೆ.

ಹಾಗೆಂದು ಫೋನನ್ನು ಹಳಿಯಬೇಕಾಗಿಲ್ಲ. ಅಡ್ಡವಾಗಿ ಹಿಡಿದು, ಕೈಗೆ ಆಧಾರ ಕೊಟ್ಟು, ಸಾಕಷ್ಟು ಬೆಳಕಿನಲ್ಲಿ ತೆಗೆದ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಇದ್ದಂತೆಯೇ ತುಂಬಿ ಹಾಕಿದರೆ ದೊಡ್ಡ ಪರದೆಯಲ್ಲಿಯೂ ಅದು ಸೊಗಸಾಗಿಯೇ ಕಾಣುತ್ತದೆ. ದೂರದವರಿಗೆ ಕಳುಹಿಸುವಾಗ ವಿಡಿಯೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸುವ ಸೌಕರ್ಯವಿದ್ದರೆ ಅದನ್ನು ಬಳಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೂಲವನ್ನು ಅಳಿಸಬಾರದು.

ಹಬ್ಬಹರಿದಿನಗಳ ವಿಡಿಯೊ ಕೆಟ್ಟರೆ ಮುಂದಿನ ವರ್ಷ ಮತ್ತೊಂದನ್ನು ತೆಗೆಯಬಹುದು. ಹಿರಿಯರ ಮುಖ, ನಡೆ, ಕಸುಬಿನ ಕೈಚಳಕಗಳಿಗೆ ಮುಂದಿನ ವರ್ಷವೆಂಬುದು ಇರಲೇಬೇಕೆಂದಿಲ್ಲ. ರೈತನು ಎಷ್ಟೇ ಕಷ್ಟ ಬಂದರೂ ಬೀಜದ ಭತ್ತವನ್ನು ಕುಟ್ಟಿ ಉಣ್ಣುವುದಿಲ್ಲ. ಪಣತದಲ್ಲಿ ಬೇರೆಯಾಗಿ ಕಾದಿಡುತ್ತಾನೆ. ಮೂಲ ವಿಡಿಯೊ ಸಹ ಅಂತಹ ಬೀಜವೇ. ಹಂಚಿಕೊಳ್ಳಲು ಪ್ರತಿಗಳು ಎಷ್ಟಾದರೂ ಇರಲಿ, ಬೀಜ ಮಾತ್ರ ಮನೆಯಲ್ಲಿ ಉಳಿಯಲಿ.